ಖಾಲಿ ಬಿಡಬಾರದ ಕಾಲಂ

ಗಾಶೆ ಅದ್ಮಾಸು ಮದುವೆಯಾದವರಲ್ಲ. ಊರಿನಲ್ಲಿ ಅವರ ಬಗ್ಗೆ ಒಂದು ಗುಸುಗುಸು ಕೂಡ ಯಾರೂ ಕೇಳಿದ್ದಿಲ್ಲ. ಅಂಥವರಿಗೆ ಅರವತ್ತೊಂದು ಮಕ್ಕಳಿದ್ದಾರೆ ಎಂಬುದು ಮೊದಲು ಗೊತ್ತಾದದ್ದು ನನಗೆ, ಅದೂ ಒಂದು ಶುಕ್ರವಾರ ಬೆಳಿಗ್ಗೆ, ನಮ್ಮ ಆಸ್ಪತ್ರೆಯ ಹೊಸ ಡೇಟಾಬೇಸಿನಿಂದ. ಗೊತ್ತಾದ ಕೂಡಲೇ ನಾನು ಮಾಡಿದ ಮೊದಲ ಕೆಲಸವೆಂದರೆ ಅವರನ್ನು ಬೈದದ್ದು. ಇದನ್ನು ಈಗಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಲು ನಾಚಿಕೆಯಾಗುತ್ತದೆ.

ನಾನು ಜೆಬಿದರ್. ದೆಸ್ಸಿ ಪೇಟೆಯಿಂದ ಬಸ್ಸಿನಲ್ಲಿ ಗುಡ್ಡ ಹತ್ತಿ ಬಂದರೆ ಸಿಗುವ ನಮ್ಮ ಊರಿನ ಆಸ್ಪತ್ರೆಯಲ್ಲಿ ಕಂಪ್ಯೂಟರ್ ಎಂದು ಏನೇ ಇದ್ದರೂ ಅದು ನನ್ನ ತಲೆಗೆ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ನಾನೇ, ದೊಡ್ಡ ಡಾಕ್ಟರು ಪಾಸ್‌ವರ್ಡ್ ಮರೆತರೂ ನಾನೇ. ಸಿಟ್ಟು ಬೇಗ ಬರುತ್ತದೆ, ಇಳಿಯುವುದು ಮಾತ್ರ ನಿಧಾನ. ಗಾಶೆ ಅದ್ಮಾಸು ಕಾರ್ಡು ಕೋಣೆಯವರು. ಹಿರಿಯರಾದ್ದರಿಂದ ಎಲ್ಲರೂ ಅವರನ್ನು ಗಾಶೆ ಎನ್ನುತ್ತೇವೆ. ರೋಗಿ ಬಂದರೆ ಅವರ ಹಳೆಯ ಕಾರ್ಡು ಹುಡುಕಿ ಕೊಡುವುದು, ಹೊಸಬರಾದರೆ ಹೊಸ ಕಾರ್ಡು ಬರೆಯುವುದು, ಹೆರಿಗೆಯಾದರೆ ಮಗುವಿಗೊಂದು ಕಾರ್ಡು ತೆರೆಯುವುದು. ಇಪ್ಪತ್ತೆಂಟು ವರ್ಷ ಇದೇ ಕೆಲಸ, ಅದೇ ಕಿಟಕಿ, ಅದೇ ಉಣ್ಣೆ ಟೋಪಿ. ಅವರಿಗೆ ಸಕ್ಕರೆ ಕಾಯಿಲೆ ಬೇರೆ. ಆಸ್ಪತ್ರೆಯ ಹುಡುಗಿಯರನ್ನೆಲ್ಲ ಮಗಳೇ ಎಂದು ಕರೆಯುತ್ತಾರೆ. ನನ್ನನ್ನು ಕರೆಯುವಾಗ ಮಾತ್ರ ಸ್ವಲ್ಪ ಎಚ್ಚರಿಕೆಯಿಂದ ಕರೆಯುತ್ತಿದ್ದರು, ನಾನು ಯಾವ ಹೊತ್ತಿನಲ್ಲಿ ಸಿಡಿಯುತ್ತೇನೋ ಎಂದು.

ಆ ವರ್ಷ ನಮ್ಮ ಆಸ್ಪತ್ರೆಗೂ ಸರ್ವರ್ ಬಂತು. ಕಾರ್ಡುಗಳ ಬದಲು ಎಲ್ಲವೂ ಒಂದು ದೊಡ್ಡ ಸಾಫ್ಟ್‌ವೇರಿನಲ್ಲಿ. ಅದನ್ನು ಹಾಕಿಕೊಡಲು ರಾಜಧಾನಿ ಅದಿಸ್ ಅಬಾಬಾದಿಂದ ಬಿರುಕ್ ಎಂಬವರು ಸೋಮವಾರ ಬರಬೇಕಿತ್ತು. ಆದರೆ ನೆಂಟ ಬರುವ ಮೊದಲೇ ಒಲೆ ಹೂಡಿರಬೇಕಲ್ಲ. ಸಾಫ್ಟ್‌ವೇರ್ ಬಂದು ಕೂರುವ ಮೊದಲು ಅದಕ್ಕೆ ಡೇಟಾಬೇಸ್ ಸಿದ್ಧವಾಗಿರಬೇಕು. ಯಾವ ಕೋಷ್ಟಕ, ಅದರಲ್ಲಿ ಯಾವ ಕಾಲಂ, ಯಾವುದು ಖಾಲಿ ಇರಬಹುದು, ಯಾವುದು ಇರಕೂಡದು, ಇದೆಲ್ಲ ಮೊದಲೇ ಗಟ್ಟಿಯಾಗಬೇಕು. ಸೋಮವಾರದೊಳಗೆ ಆಗದಿದ್ದರೆ ನಮ್ಮ ಸರದಿ ಬೇರೆ ಊರಿನ ಪಾಲು, ಮತ್ತೆ ಒಂದು ವರ್ಷ ಕಾಯಬೇಕು. ಒಮ್ಮೆ ಸಾಫ್ಟ್‌ವೇರ್ ಕೂತ ಮೇಲೆ ಕೆಳಗಿನ ಕಲ್ಲು ಅಲ್ಲಾಡಿಸುವ ಹಾಗಿಲ್ಲ ಎಂದು ಬಿರುಕ್ ಫೋನಿನಲ್ಲಿ ಮೂರು ಸಲ ಹೇಳಿದ್ದರು.

ನಾನು ಎರಡು ಸಲ ಕಟ್ಟಿ ಎರಡು ಸಲ ಕೆಡವಿದೆ. ಮೊದಲ ಸಲ ಅಕ್ಷರದ ಬಗೆ ಆರಿಸುವುದನ್ನು ಮರೆತೆ. ನಮ್ಮ ಲಿಪಿಯಲ್ಲಿ ಹಾಕಿದ ಹೆಸರುಗಳೆಲ್ಲ ಸಾಲು ಸಾಲು ಪ್ರಶ್ನೆ ಚಿಹ್ನೆಗಳಾಗಿ ಕುಳಿತವು. ಎರಡನೇ ಸಲ ತಾರೀಖಿನ ಗೋಳು. ವರ್ಷಕ್ಕೆ ಹನ್ನೆರಡೇ ತಿಂಗಳು ಎಂದು ನಂಬಿದ ಕೋಷ್ಟಕ ನಮ್ಮ ಹದಿಮೂರನೇ ತಿಂಗಳಲ್ಲಿ, ಆ ಐದು ದಿನದ ಪಗುಮೆಯಲ್ಲಿ, ಯಾರೂ ಹುಟ್ಟಲೇ ಇಲ್ಲ ಎಂದು ಹಟ ಹಿಡಿಯಿತು. ಪಗುಮೆಯಲ್ಲಿ ಹುಟ್ಟಿದವಳು ನಾನೇ. ನನಗೆ ಎಷ್ಟು ಉರಿದಿರಬೇಕು ನೀವೇ ಹೇಳಿ.

ಮೂರನೇ ಸಲ ನಾನು ಎರಡು ಕಾಲಂ ಕಡ್ಡಾಯ ಮಾಡಿದೆ. ಒಂದು, ತಂದೆಯ ಹೆಸರು. ನಮ್ಮಲ್ಲಿ ಮನೆತನದ ಹೆಸರು ಎಂದಿಲ್ಲ. ಮೊದಲು ನಿನ್ನ ಹೆಸರು, ಆಮೇಲೆ ಅಪ್ಪನದು, ಆಮೇಲೆ ಅಜ್ಜನದು, ಇಷ್ಟೇ ಮನುಷ್ಯನ ಗುರುತು. ಇನ್ನೊಂದು, ಏನಾದರೂ ಆದರೆ ಯಾರಿಗೆ ಫೋನು ಮಾಡಬೇಕು ಎಂಬುದು. ಅದು ನನ್ನದೇ ಹಟ. ಎಚ್ಚರ ತಪ್ಪಿದವರನ್ನು ಯಾರೋ ತಂದು ಮಲಗಿಸಿ ಹೋಗುತ್ತಾರೆ, ಮನೆಯವರು ಯಾರೆಂದು ಊರೆಲ್ಲ ಹುಡುಕಬೇಕು. ಇನ್ನು ಮುಂದೆ ಆ ಪಾಡು ಬೇಡ ಎಂದುಕೊಂಡೆ.

ಗಾಶೆ ಅದ್ಮಾಸು ಈ ಯಂತ್ರದ ವಿಷಯದಲ್ಲಿ ಒಂದು ದಿನವೂ ಮುಖ ಗಂಟು ಹಾಕಿಕೊಂಡವರಲ್ಲ. ದಿನಾ ಬೆಳಿಗ್ಗೆ ಕಾರ್ಡಿನ ಕಟ್ಟುಗಳನ್ನು ಧೂಳು ಒರೆಸಿ, ಹಳೆ ಬಟ್ಟೆಯ ಪಟ್ಟಿಯಿಂದ ಕಟ್ಟಿ ತಂದಿಡುತ್ತಿದ್ದರು. ನನ್ನ ಪಕ್ಕದ ಮೇಜಿನ ರೂಕಿಯಾ ಅವನ್ನು ಕಂಪ್ಯೂಟರಿಗೆ ಹಾಕುತ್ತಿದ್ದಳು. ಒಂದೇ ಒಂದು ಸಲ ಅವರು ನನ್ನ ಹತ್ತಿರ ನಿಂತು, ತಂದೆಯ ಹೆಸರಿನ ಜಾಗ ಖಾಲಿ ಇದ್ದರೆ ನಿನ್ನ ಯಂತ್ರ ಏನು ಮಾಡುತ್ತೆ ಅಂತ ಕೇಳಿದರು.

"ಖಾಲಿ ಬಿಟ್ಟರೆ ತಗೊಳ್ಳಲ್ಲ ಗಾಶೆ," ಎಂದೆ, ಜಂಬದಿಂದಲೇ.

"ಒಳ್ಳೇದು," ಎಂದರು. "ಯಾರದೂ ಖಾಲಿ ಇರಬಾರದು." ಹಾಗೆ ಹೇಳಿ ಸಮಾಧಾನದಿಂದ ಕಿಟಕಿಗೆ ಹೋದರು. ನನಗೆ ಆಗ ಏನೂ ಹೊಳೆಯಲಿಲ್ಲ.

ಶುಕ್ರವಾರದ ಹೊತ್ತಿಗೆ ಒಂಬತ್ತು ಸಾವಿರ ಕಾರ್ಡು ಒಳಗೆ ಹೋಗಿದ್ದವು. ಬಿರುಕ್ ಕಳಿಸಿದ ಒಂದು ಪರೀಕ್ಷೆಯನ್ನು ನಡೆಸಬೇಕಿತ್ತು. ಅಪ್ಪ, ಅಜ್ಜ ಇಬ್ಬರ ಹೆಸರೂ ಒಂದೇ ಇರುವ ಮಕ್ಕಳನ್ನು ಒಂದೇ ಕುಟುಂಬವೆಂದು ಜೋಡಿಸುವ ಪರೀಕ್ಷೆ. ನಡೆಸಿದೆ. ಹೆಚ್ಚು ಮಕ್ಕಳಿರುವವರು ಮೇಲಕ್ಕೆ ಬರುವ ಪಟ್ಟಿ ಬಂತು. ಎರಡನೇ ಸಾಲಿನಲ್ಲಿ ಹದಿಮೂರು ಮಕ್ಕಳ ಒಬ್ಬ ಧಾನ್ಯದ ವ್ಯಾಪಾರಿ. ಮೊದಲನೇ ಸಾಲಿನಲ್ಲಿ ಅದ್ಮಾಸು ಬೆಲೆತೆ, ಮಕ್ಕಳು ಅರವತ್ತೊಂದು, ತಾಯಂದಿರು ಅರವತ್ತೊಂದು.

ಊರಿನಲ್ಲಿ ಅದ್ಮಾಸು ಎಂಬವರು ಬೇಕಾದಷ್ಟು ಜನರಿದ್ದಾರೆ. ಅದ್ಮಾಸು ಬೆಲೆತೆ ಮಾತ್ರ ಒಬ್ಬರೇ, ನಮ್ಮ ಗಾಶೆ. ರೂಕಿಯಾ ಪರದೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನೋಡೇ ಜೆಬಿ, ಸೆಯಿದ್ ಅದ್ಮಾಸು, ಗೆಬ್ರೆಯೆಸ್ ಅದ್ಮಾಸು, ಜೆಯಿನೆಬಾ ಅದ್ಮಾಸು. ಮಸೀದಿಗೂ ಚರ್ಚಿಗೂ ಸಮ ಸಮ ಹಂಚಿದಾರೆ ಕಣೇ." ಒಂದೇ ಮನೆಯಲ್ಲಿ ಅಣ್ಣ ಮಸೀದಿಗೆ, ತಮ್ಮ ಚರ್ಚಿಗೆ ಹೋಗುವುದು ನಮ್ಮ ವೊಲ್ಲೊ ಸೀಮೆಯಲ್ಲಿ ಹೊಸದೇನಲ್ಲ. ಅದಕ್ಕೇ ಇಷ್ಟು ವರ್ಷ ಯಾರಿಗೂ ಅನುಮಾನ ಬಂದಿರಲಿಲ್ಲ. ಅವಳ ನಗು ಓಣಿಯ ಕೊನೆಯವರೆಗೂ ಕೇಳಿಸಿತು.

ನನಗೆ ನಗು ಬರಲಿಲ್ಲ. ಎರಡು ಸಲ ಕೆಡವಿದ ಕೈ ನನ್ನದು. ಹೆಸರು ಸಿಗದ ಕಡೆಯೆಲ್ಲ ಕೈಗೆ ಬಂದದ್ದು ಗೀಚಿ ಕೈತೊಳೆದುಕೊಂಡಿದ್ದಾರೆ ಎಂದೇ ತಿಳಿದೆ. ನೇರ ಕಾರ್ಡು ಕೋಣೆಗೆ ಹೋದೆ. ಸೋಮಾರಿತನಕ್ಕೂ ಒಂದು ಮಿತಿ ಬೇಡವೇ, ನಿಮ್ಮಿಂದ ನನ್ನ ಇಡೀ ವಾರದ ಕೆಲಸ ಹಾಳಾಯಿತು ಎಂದು ಬಾಯಿಗೆ ಬಂದದ್ದೆಲ್ಲ ಆಡಿದೆ. ಅವರು ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಕೇಳಿದರು.

"ಸೋಮಾರಿತನ ಅಲ್ಲ ಮಗಳೇ," ಎಂದರು. "ಕೇಳಿಯೇ ಬರೆದೆ. ಒಬ್ಬೊಬ್ಬರನ್ನೂ ಕೇಳಿಯೇ ಬರೆದೆ."

ಆಮೇಲೆ ಅವರು ಹೇಳಿದ್ದು ಇದು. ಕೆಲಸಕ್ಕೆ ಸೇರಿದ ಎರಡನೇ ತಿಂಗಳು, ಸಂತೆಯ ದಿನ, ಒಬ್ಬ ಹುಡುಗಿ ಒಬ್ಬಳೇ ನಡೆದು ಬಂದು ಹೆತ್ತಳು. ಕಾರ್ಡು ಬರೆಯಲು ಇವರು ಹಾಸಿಗೆಯ ಪಕ್ಕ ಹೋಗಿ ತಂದೆಯ ಹೆಸರು ಕೇಳಿದರೆ ಅವಳು ಗೋಡೆಯ ಕಡೆಗೆ ತಿರುಗಿದಳು. ಇಂಥ ಕಡೆ ತಾಯಿಯ ತಂದೆಯ ಹೆಸರು ಹಾಕುವ ರೂಢಿಯುಂಟು. ಆದರೆ ಆ ಅಪ್ಪನೇ ಮನೆಯಿಂದ ಹೊರಗೆ ಹಾಕಿದ್ದರೆ ಯಾವ ಬಾಯಿಂದ ಹೇಳುತ್ತಾಳೆ? ಹಿಂದಿನ ಗುಮಾಸ್ತ ಅಂಥ ಕಾರ್ಡಿನಲ್ಲಿ ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆಯುತ್ತಿದ್ದನಂತೆ. ಆ ಕಾರ್ಡು ಹಿಡಿದು ಮಗು ಶಾಲೆಗೆ ಹೋಗುತ್ತದೆ. ಹಾಜರಿ ಕೂಗುವ ಮೇಷ್ಟ್ರು ಮಗುವಿನ ಹೆಸರು ಓದಿ, ಗೆರೆ ನೋಡಿ, ಒಂದು ಕ್ಷಣ ನಿಲ್ಲುತ್ತಾರೆ.

"ಆ ಒಂದು ಕ್ಷಣ ಇದೆಯಲ್ಲ ಮಗಳೇ, ಅದು ನಂಗೊತ್ತು," ಎಂದರು.

ಅವರ ಕಾರ್ಡಿನಲ್ಲೂ ಗೆರೆಯೇ ಇತ್ತು. ಸೌದೆ ಮಾರುವ ಅಜ್ಜಿಯ ಬಳಿ ಬೆಳೆದವರು. ಶಾಲೆಯ ಮೊದಲ ದಿನ ಮೇಷ್ಟ್ರು ನಿಂತಾಗ ತರಗತಿಯೆಲ್ಲ ತಿರುಗಿ ನೋಡಿತು. ಬಾಗಿಲಲ್ಲಿ ಗಂಟೆ ಹೊಡೆಯುವವನು ನಿಂತಿದ್ದ. ಅವನು ಯಾರನ್ನೂ ಕೇಳದೆ, ಮೇಷ್ಟ್ರೇ, ಬೆಲೆತೆ ಅಂತ ಬರ್ಕೊಳ್ಳಿ ಎಂದನಂತೆ. ಬೆಲೆತೆ ಅವನದೇ ಹೆಸರು. ಅವನು ಅದನ್ನು ಮತ್ತೆ ಯಾವತ್ತೂ ಎತ್ತಿ ಆಡಲಿಲ್ಲ. ದಿನಾ ಗಂಟೆ ಹೊಡೆದು ಮನೆಗೆ ಹೋಗುತ್ತಿದ್ದ.

ಗೋಡೆಗೆ ತಿರುಗಿದ ಆ ಹುಡುಗಿಯನ್ನು ಇವರು ಕೇಳಿದ್ದು ಒಂದೇ ಮಾತು, ನನ್ನ ಹೆಸರು ಹಾಕಲಾ ಎಂದು. ಅವಳು ತಲೆಯಾಡಿಸಿದಳು. ಅಪ್ಪನ ಹೆಸರು ಕೊಟ್ಟ ಮೇಲೆ ಅಜ್ಜನಿಲ್ಲದೆ ಹೇಗೆ ಎಂದು ಬೆಲೆತೆಯ ಹೆಸರನ್ನೂ ಬರೆದರು. ಅಲ್ಲೇ ಸಿಕ್ಕಿಬಿದ್ದದ್ದು. ಬರೀ ಅದ್ಮಾಸು ಎಂದಿದ್ದರೆ ನನ್ನ ಯಂತ್ರಕ್ಕೆ ಏಳು ಜನ್ಮಕ್ಕೂ ಗೊತ್ತಾಗುತ್ತಿರಲಿಲ್ಲ. ಮಕ್ಕಳಿಗೆ ಅವರು ಯಾವತ್ತೂ ಗುರುತು ಹೇಳಿಕೊಂಡಿಲ್ಲ. ಕೆಮ್ಮಿಗೋ ಜ್ವರಕ್ಕೋ ಬಂದಾಗ ಕಾರ್ಡು ಕೊಡುತ್ತಾರೆ, ಅಷ್ಟೇ. ಒಂಬತ್ತು ಸಾವಿರದಲ್ಲಿ ಆ ಅರವತ್ತೊಂದು ಕಾರ್ಡನ್ನು ಮಾತ್ರ ಅವರು ಹುಡುಕಬೇಕಾಗಿರಲಿಲ್ಲ.

ನಾನು ನಾಲಿಗೆ ಕಚ್ಚಿಕೊಂಡೆ. ಕ್ಷಮಿಸಿ ಎನ್ನಲು ಬಾಯಿ ಬರಲಿಲ್ಲ, ನನಗೆ ಆ ಮಾತು ಅಷ್ಟು ಸುಲಭವಾಗಿ ಬರುವುದಿಲ್ಲ. ಅಷ್ಟರಲ್ಲಿ ದೊಡ್ಡ ಡಾಕ್ಟರು ಕರೆಯುತ್ತಿದ್ದಾರೆ ಎಂದು ಬುಲಾವ್ ಬಂತು. ರೂಕಿಯಾಳ ನಗು ಅಲ್ಲಿಯವರೆಗೂ ಮುಟ್ಟಿತ್ತು.

ಡಾಕ್ಟರ್ ಎಂಡ್ರಿಸ್ ಕೆಟ್ಟವರಲ್ಲ. ಗಾಶೆಗೆ ಕುರ್ಚಿ ಎಳೆದು ಕೂರಿಸಿದರು, ಕಾಫಿ ತರಿಸಿದರು, ಎಲ್ಲ ಕೇಳಿದರು. ಆಮೇಲೆ ಹೇಳಿದ ಮಾತು ಮಾತ್ರ ತಳ್ಳಿಹಾಕುವಂಥದ್ದಾಗಿರಲಿಲ್ಲ.

"ಗಾಶೆ, ನಿಮಗೆ ಸಕ್ಕರೆ ಕಾಯಿಲೆ. ಸೋಮವಾರದಿಂದ ಈ ಅರವತ್ತೊಂದು ಜನರ ಫೈಲಲ್ಲೂ ಅಪ್ಪನಿಗೆ ಸಕ್ಕರೆ ಕಾಯಿಲೆ ಅಂತ ಬರುತ್ತೆ. ನಾಳೆ ಇವರಲ್ಲೇ ಒಬ್ಬ ಹುಡುಗ ಒಬ್ಬ ಹುಡುಗಿ ಮದುವೆ ಆಗಿ ಇಲ್ಲಿಗೇ ಹೆರಿಗೆಗೆ ಬಂದ್ರೆ, ಅಣ್ಣ ತಂಗಿ ಅನ್ನುತ್ತೆ ಯಂತ್ರ. ಆವಾಗ ಏನು ಮಾಡಲಿ?"

"ಹಾಗೆ ಒಂದ್ಸಲ ಆಗಿತ್ತು ಡಾಕ್ಟ್ರೇ," ಎಂದರು ಗಾಶೆ.

ನಾವಿಬ್ಬರೂ ಅವರ ಮುಖ ನೋಡಿದೆವು. ಆರು ವರ್ಷದ ಹಿಂದೆ ಅವರ ಮಕ್ಕಳಲ್ಲೇ ಇಬ್ಬರಿಗೆ ಮದುವೆ ಗೊತ್ತಾಗಿತ್ತಂತೆ. ಚರ್ಚಿನವರ ಮನೆಗಳಲ್ಲಿ ಮದುವೆಗೆ ಮುಂಚೆ ಏಳು ತಲೆಮಾರು ಎಣಿಸುತ್ತಾರಲ್ಲ, ಹಾಗೆ ಎಣಿಸಲು ಕೂತ ಹಿರಿಯರು ಮೊದಲನೇ ತಲೆಮಾರಿನಲ್ಲೇ ಮುಗ್ಗರಿಸಿದರು. ಎರಡು ಕಡೆಯೂ ಅದ್ಮಾಸು, ಎರಡು ಕಡೆಯೂ ಬೆಲೆತೆ. ಸುದ್ದಿ ಕಿವಿಗೆ ಬಿದ್ದ ಕೂಡಲೇ ಇವರು ಮೂರು ತಾಸು ನಡೆದು ಹೋಗಿ ಅಲ್ಲಿನ ಪಾದ್ರಿಯ ಕಾಲು ಹಿಡಿದು ಇದ್ದದ್ದು ಇದ್ದ ಹಾಗೆ ಹೇಳಿದರು. ಪಾದ್ರಿ ಹಿರಿಯರನ್ನು ಒಳಗೆ ಕರೆದು, ಇದು ಹೆಸರಿನ ನಂಟು, ರಕ್ತದ್ದಲ್ಲ ಎಂದು ಸಮಾಧಾನ ಮಾಡಿದರು. ಮಕ್ಕಳವರೆಗೆ ಮಾತು ಹೋಗಲಿಲ್ಲ.

"ಗಂಡಿನ ಕಡೆ ಬೀಗನೂ ನಾನೇ, ಹೆಣ್ಣಿನ ಕಡೆ ಬೀಗನೂ ನಾನೇ," ಎಂದರು ಗಾಶೆ. "ಎರಡೂ ಕಡೆ ಊಟ ಮಾಡಿ ಬಂದೆ."

ಡಾಕ್ಟರು ನಕ್ಕುಬಿಟ್ಟರು. ಆದರೂ ಬಗ್ಗಲಿಲ್ಲ. ಪಾದ್ರಿಗೆ ಹೇಳಿದ ಹಾಗೆ ಯಂತ್ರಕ್ಕೆ ಹೇಳಲಾಗುವುದಿಲ್ಲ, ನನ್ನ ಕಾಲದಲ್ಲಿ ರೋಗಿಯ ಫೈಲಿನಲ್ಲಿ ಸುಳ್ಳು ನಂಟು ಇರಕೂಡದು, ಸೋಮವಾರದೊಳಗೆ ಆ ಅರವತ್ತೊಂದು ಕಡೆ ಹೆಸರು ತೆಗೆದು ಗೊತ್ತಿಲ್ಲ ಎಂದು ಹಾಕಬೇಕು ಎಂದರು. ಹೇಳುವಾಗ ಗಾಶೆಯ ಕಡೆ ನೋಡದೆ ನನ್ನ ಕಡೆ ನೋಡುತ್ತಿದ್ದರು.

ಗಾಶೆ ಬೇಡಿಕೊಳ್ಳಲಿಲ್ಲ, ಜಗಳ ಆಡಲಿಲ್ಲ. ಕಾಫಿಯ ಕಪ್ಪು ಕೆಳಗಿಟ್ಟರು. "ನನ್ನ ಹೆಸರು ತೆಗೀರಿ ಡಾಕ್ಟ್ರೇ, ಅದೇನು ದೊಡ್ಡ ಹೆಸರಲ್ಲ. ಆದ್ರೆ ಅಲ್ಲಿ ಗೊತ್ತಿಲ್ಲ ಅಂತ ಬರೀಬೇಡಿ. ಬೇರೆ ಯಾರಾದ್ರೂ ಒಳ್ಳೆಯವರ ಹೆಸರು ಹಾಕಿ." ಅಷ್ಟು ಹೇಳಿ ಟೋಪಿ ಸರಿಮಾಡಿಕೊಂಡು ಕಿಟಕಿಗೆ ಹೊರಟರು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ರೂಕಿಯಾ ಬಂದು ಹುರಿದ ಬಾರ್ಲಿ ಒಂದು ಹಿಡಿ ನನ್ನ ಕೈಗೆ ಸುರಿದಳು. ಅವಳ ಕಣ್ಣು ಕೆಂಪಾಗಿತ್ತು, ನಗಬಾರದಿತ್ತು ಕಣೇ ಎಂದಳು. ನಾನು ಬಾರ್ಲಿ ಅಗಿಯುತ್ತಾ ಡಾಕ್ಟರನ್ನು ಬೈದೆ, ಬಿರುಕ್‌ನನ್ನು ಬೈದೆ, ಕೊನೆಗೆ ಆ ಪಾದ್ರಿ ಎಷ್ಟು ಸಲೀಸಾಗಿ ಬಿಡಿಸಿದರಲ್ಲ ಎಂದು ಅವರ ಮೇಲೂ ಸಿಟ್ಟು ಬಂತು. ಹೆಸರಿನ ನಂಟು, ರಕ್ತದ್ದಲ್ಲ. ಆಗಲೇ ತಲೆಗೆ ಹೊಳೆದದ್ದು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ತಪ್ಪು ಗಾಶೆಯದಲ್ಲ, ನನ್ನ ಕೋಷ್ಟಕದ್ದು. ಎರಡು ಬೇರೆ ಬೇರೆ ವಿಷಯವನ್ನು ನಾನು ಒಂದೇ ಕಾಲಮ್ಮಿಗೆ ತುರುಕಿದ್ದೆ.

ಹೆಸರಿಗೆ ಒಂದು ಕಾಲಂ, ಅದು ಕಡ್ಡಾಯ. ಮನುಷ್ಯನನ್ನು ಶಾಲೆಯಲ್ಲಿ, ಆಸ್ಪತ್ರೆಯಲ್ಲಿ ಏನೆಂದು ಕೂಗುತ್ತಾರೋ ಅದು. ರಕ್ತದ ನಂಟಿಗೆ ಇನ್ನೊಂದು ಕಾಲಂ, ಅದು ಡಾಕ್ಟರ ಕೆಲಸಕ್ಕೆ ಮಾತ್ರ, ಗೊತ್ತಿಲ್ಲದಿದ್ದರೆ ಖಾಲಿ ಇರಬಹುದು, ಅದನ್ನು ಯಾರೂ ಗಟ್ಟಿಯಾಗಿ ಓದುವುದಿಲ್ಲ. ಡಾಕ್ಟರ ಬಳಿ ಓಡಿದೆ. ಅವರು ಎರಡು ಸಲ ಹೇಳಿಸಿಕೊಂಡರು. ಕಾಯಿಲೆ ಬೇರೆಯವರ ಫೈಲಿಗೆ ಹೋಗುವುದಿಲ್ಲವಷ್ಟೇ ಎಂದು ಕೇಳಿದರು. ಇಲ್ಲ ಎಂದೆ. ಸೋಮವಾರದೊಳಗೆ ಆದರೆ ಆಗಲಿ, ಇಲ್ಲದಿದ್ದರೆ ನಾನು ಹೇಳಿದ ಹಾಗೆ ಎಂದರು.

ಬಿರುಕ್‌ಗೆ ಫೋನು ಮಾಡಿದೆ. ಎಲ್ಲ ಆಸ್ಪತ್ರೆಯಲ್ಲೂ ಒಂದೇ ಕಾಲಂ ಇರುತ್ತದೆ, ನಿಮ್ಮ ಊರಿನದೊಂದು ಏನು ವಿಶೇಷ ಎಂದು ರಾಗ ಎಳೆದರು.

"ಬಿರುಕ್ ಅವರೇ," ಎಂದೆ, "ನಿಮ್ಮಪ್ಪನ ಹೆಸರು ತೆಗೆದಿಟ್ಟು ಒಂದು ದಿನ ಊರೊಳಗೆ ತಿರುಗಾಡಿ ಬನ್ನಿ. ಆಮೇಲೆ ಮಾತಾಡೋಣ."

ಅವರ ರಾಗ ಇಳಿಯಿತು. ನಾನು ಬರುವ ಮೊದಲು ಮುಗಿದಿದ್ದರೆ ಸಾಫ್ಟ್‌ವೇರನ್ನು ಅದಕ್ಕೆ ಹೊಂದಿಸುತ್ತೇನೆ, ಬಂದ ಮೇಲೆ ಒಂದು ಚುಕ್ಕಿಯನ್ನೂ ಮುಟ್ಟುವುದಿಲ್ಲ ಎಂದರು.

ಹೀಗೆ ಮೂರನೆಯದನ್ನೂ ಕೆಡವಿದೆ. ಶನಿವಾರ ಬೆಳಿಗ್ಗೆಯಿಂದ ಹೊಸದಾಗಿ ಕಟ್ಟಿದೆ. ಒಂಬತ್ತು ಸಾವಿರ ಸಾಲುಗಳನ್ನು ಎರಡು ಕಾಲಮ್ಮಿಗೆ ಒಡೆದು ತುಂಬಿದೆ. ಭಾನುವಾರ ರೂಕಿಯಾ ಒಲೆ ಹೂಡಿ ಮೂರು ಸುತ್ತು ಕಾಫಿ ಕಾಸಿ ಕೊಟ್ಟಳು. ಗಾಶೆ ಪೂಜೆ ಮುಗಿಸಿ ಚರ್ಚಿನಿಂದ ನೇರ ಬಂದು, ಅರವತ್ತೊಂದು ಕಾರ್ಡುಗಳನ್ನು ಒಂದೊಂದಾಗಿ ಹೊರಗೆ ತೆಗೆದು, ಪರದೆಯ ಮೇಲಿನ ಹೆಸರು ನಾನು ಓದಿದ ಹಾಗೆಲ್ಲ ಹೂಂ ಎಂದರು. ಕೆಲವು ಹೆಸರಿಗೆ ಹೂಂ ಜೊತೆ ಇನ್ನೊಂದು ಮಾತೂ ಬರುತ್ತಿತ್ತು. ಇವನು ಈಗ ಬಸ್ ಓಡಿಸ್ತಾನೆ, ಇವಳಿಗೆ ಅವಳಿ ಹುಟ್ಟಿದವು, ಇವಳು ಮೊದಲನೆಯವಳು. ಅರವತ್ತೊಂದಕ್ಕೆ ನಿಲ್ಲಿಸಿದಾಗ ಸಂಜೆಯ ಪ್ರಾರ್ಥನೆಯ ಹೊತ್ತಾಗಿತ್ತು. ಒಂದೂ ಕಳೆದಿರಲಿಲ್ಲ.

ಸೋಮವಾರ ಬಿರುಕ್ ಬಂದರು. ಸಾಫ್ಟ್‌ವೇರ್ ಮೊದಲ ಸಲಕ್ಕೇ ಡೇಟಾಬೇಸನ್ನು ಗುರುತು ಹಿಡಿಯಿತು. ಡಾಕ್ಟರ್ ಎಂಡ್ರಿಸ್ ಬಾಗಿಲಲ್ಲಿ ನಿಂತು ನೋಡಿದರು, ಗಾಶೆಯ ಭುಜ ತಟ್ಟಿ ಹೋದರು. ಇನ್ನು ಒಬ್ಬ ನಿಜವಾದ ರೋಗಿ ಬೇಕು, ಹೊಸದಾಗಿ ಬರೆದು ನೋಡೋಣ ಎಂದರು ಬಿರುಕ್. ಆವತ್ತು ಗಾಶೆಯ ಸಕ್ಕರೆ ಪರೀಕ್ಷೆಯ ದಿನ. ಅವರನ್ನೇ ಎಳೆದು ತಂದು ನನ್ನ ಎದುರು ಕೂರಿಸಿದೆ.

ಅದ್ಮಾಸು ಬೆಲೆತೆ ಎಂದು ಒತ್ತಿದೆ. ರಕ್ತದ ನಂಟಿನ ಕಾಲಂ ಬಂದಾಗ, ಅದು ಖಾಲಿ ಇರಲಿ ಮಗಳೇ ಎಂದರು ತಮಾಷೆಯ ದನಿಯಲ್ಲಿ. ಮುಂದಿನದು ನಾನು ಹಟ ಮಾಡಿ ಇಟ್ಟ ಕಾಲಂ.

"ಏನಾದ್ರೂ ಆದ್ರೆ ಯಾರಿಗೆ ಫೋನ್ ಮಾಡ್ಬೇಕು ಗಾಶೆ?"

ಅರವತ್ತೊಂದು ಹೆಸರು ಬಾಯಿಪಾಠ ಇರುವ ಮನುಷ್ಯ. ಅದರಲ್ಲಿ ಒಂದನ್ನೂ ಹೇಳಲು ಅವರಿಗೆ ಮನಸ್ಸು ಬರಲಿಲ್ಲ.

"ಅದನ್ನೂ ಖಾಲಿ ಬಿಡು," ಎಂದರು.

"ಖಾಲಿ ಬಿಟ್ಟರೆ ತಗೊಳ್ಳಲ್ಲ."

"ಹಾಗಾದ್ರೆ ಕಾರ್ಡು ಕೋಣೆ ನಂಬರ್ ಹಾಕು."

"ಕಾರ್ಡು ಕೋಣೇಲಿ ನೀವೇ ಇರ್ತೀರಲ್ಲ ಗಾಶೆ."

ಅವರು ಮುಖ ತಿರುಗಿಸಿ ಗೋಡೆ ನೋಡತೊಡಗಿದರು. ಅರವತ್ತೊಂದು ಸಲ ಕೇಳಿಯೇ ಬರೆದವರು ಅವರು. ನಾನೂ ಕೇಳಿದೆ.

"ನನ್ನ ಹೆಸರು ಹಾಕಲಾ?"

ಗೋಡೆ ನೋಡುತ್ತಲೇ ತಲೆಯಾಡಿಸಿದರು. ಜೆಬಿದರ್ ಎಂದು ಒತ್ತಿ, ಕೆಳಗೆ ನನ್ನ ನಂಬರು ಹಾಕಿದೆ. ಸಂಬಂಧ ಎಂದು ಕೇಳಿತು. ಮಗಳು ಎಂದು ಬರೆದೆ. ಯಂತ್ರ ತೆಗೆದುಕೊಂಡಿತು.

ಎರಡು ತಿಂಗಳು ಕಳೆದಿರಬೇಕು. ಒಂದು ಭಾನುವಾರ ಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದೆ, ಫೋನು ಬಂತು. ರೂಕಿಯಾ. ಹತ್ತು ವರ್ಷದಿಂದ ಪಕ್ಕದ ಮೇಜಿನಲ್ಲಿ ಕೂರುವವಳು, ಆವತ್ತು ಪರದೆ ನೋಡಿಕೊಂಡು ಓದುತ್ತಿದ್ದಾಳೆ ಎಂದು ದನಿಯಲ್ಲೇ ಗೊತ್ತಾಯಿತು. ಗಾಶೆಗೆ ಸಕ್ಕರೆ ಇಳಿದು ಚರ್ಚಿನ ಅಂಗಳದಲ್ಲಿ ಬಿದ್ದರಂತೆ, ಈಗ ಎಚ್ಚರವಿದೆಯಂತೆ.

"ಅದ್ಮಾಸು ಬೆಲೆತೆ ಅವರ ಮಗಳಾ ಮಾತಾಡ್ತಿರೋದು?" ಎಂದು ಕೇಳಿದಳು.

"ಹೌದು," ಎಂದೆ. "ಹೊರಟೆ."